ತೊಳೆಯದ ಸೀಸೆ

ನಮ್ಮ ಮನೆಯ ಗೂಡಿನಲ್ಲಿ ತೊಳೆಯದೆ ಇಟ್ಟ ಒಂದು ಔಷಧದ ಸೀಸೆ ಇದೆ. ಆ ಕಾಲ ಕಾಣದ ನಿಮಗೆ ಹೇಳಬೇಕು: ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ, ಸೀಸೆ ಮಾತ್ರ ರೋಗಿಯದು. ಕಾಂಪೌಂಡರು ಔಷಧ ತುಂಬಿ, ಅಂಚಿನಲ್ಲಿ ಕಚ್ಚು ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸುತ್ತಿದ್ದರು. ಒಂದು ಕಚ್ಚೆಂದರೆ ಒಂದು ಹೊತ್ತಿನ ಔಷಧ. ಬರಿಗೈಯಲ್ಲಿ ಹೋದವನು ಎಷ್ಟೇ ನರಳುತ್ತಿರಲಿ, ಸೀಸೆ ತರಲು ಮನೆಗೆ ಓಡಬೇಕಿತ್ತು.

ನಲವತ್ತೆರಡರ ಚಳವಳಿಯಲ್ಲಿ, ಶ್ರೀನಿವಾಸಪುರದ ಸಂತೆಯಲ್ಲಿ ಭಾಷಣ ಮಾಡಿದ್ದಕ್ಕೆ ನನ್ನ ಅಣ್ಣನನ್ನು ಕೋಲಾರದ ಸೆರೆಮನೆಗೆ ಹಾಕಿದರು. ಎರಡು ತಿಂಗಳಿಗೆ ಅವನಿಗೆ ಜ್ವರವೆಂದು ಸುದ್ದಿ ಬಂತು. ಅಮ್ಮ ಮೊದಲು ಮಾಡಿದ್ದು, ಹರಳೆಣ್ಣೆಯ ಸೀಸೆಯನ್ನು ಸೀಗೆಪುಡಿ ಹಾಕಿ ತೊಳೆದು, ಬಿಸಿಲಿಗಿಟ್ಟು, ನನ್ನ ಕೈಗೆ ಕೊಟ್ಟದ್ದು. ಒಳಗಿರುವ ಮಗ ಸೀಸೆಯನ್ನು ಎಲ್ಲಿಂದ ತಂದಾನು ಎಂಬುದೇ ಅವಳ ದಿಗಿಲು.

ಸೆರೆಮನೆಯ ಕಾವಲಿನವನು ನಕ್ಕುಬಿಟ್ಟ. "ಸೀಸೆ ಯಾಕ್ ಸ್ವಾಮಿ? ಒಳಗಿರೋನು ಸರ್ಕಾರದೋನು. ಊಟ, ಬಟ್ಟೆ, ಮದ್ದು, ಎಲ್ಲಾ ಸರ್ಕಾರದ್ದೇ."

ಆ ಮಾತನ್ನೇ ನೆಚ್ಚಿಕೊಂಡು ಬಸ್ಸು ಹತ್ತಿದೆ. ನ್ಯಾಯವಾದ ಮಾತಲ್ಲವೇ? ಪೈರು ಮೇಯ್ದ ಎತ್ತನ್ನು ದೊಡ್ಡಿಗೆ ಕೂಡಿದವನು ಕೂಡ ಅದಕ್ಕೆ ನೀರು ತೋರಿಸುತ್ತಾನೆ. ಬೀಗ ಯಾರದೋ, ಒಳಗಿನ ಜೀವದ ಹೊಣೆಯೂ ಅವರದೇ.

ಜ್ವರ ಇಳಿಯಲಿಲ್ಲ. ಮತ್ತೆ ಹೋದಾಗ, ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂದು ವೈದ್ಯರು ಬರೆದಿದ್ದಾರೆ, ಆದರೆ ಖರ್ಚಿಗೆ ಮೇಲಿನಿಂದ ಮಂಜೂರಾತಿ ಬರಬೇಕು ಎಂದರು ಅಧಿಕಾರಿಗಳು. ನಾನೇ ಭರಿಸುತ್ತೇನೆಂದೆ. ಕೈದಿಯ ಚಿಕಿತ್ಸೆಗೆ ಹೊರಗಿನವರ ಹಣ ಮುಟ್ಟುವಂತಿಲ್ಲವಂತೆ! ಮನೆಗೆ ಬಂದು ಹೇಳಿದಾಗ ಅಮ್ಮ ಕೆರಳಿದಳು. "ಹಿಡ್ಕೊಂಡೋಗೋವಾಗ ಯಾರ ಮಂಜೂರಾತಿ ಕೇಳಿದ್ರೋ ಅವ್ರು?"

ಎಂಟು ದಿನ ಕಾದೆವು. ಕೋಲಾರದ ಬಸ್ಸಿನ ಹಾರನ್ ಕೇಳಿದರೆ ಸಾಕು, ಯಾವ ಸುದ್ದಿ ಇಳಿಯುವುದೋ ಎಂದು ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ.

ಒಂಬತ್ತನೆಯ ದಿನ ಬಂದದ್ದು ಬಿಡುಗಡೆಯ ಸುದ್ದಿ. ನಮ್ಮ ದಡ್ಡತನ ನೋಡಿ, ಹಿಗ್ಗಿಹೋದೆವು! ಅಮ್ಮ ಕುರುಡುಮಲೆ ಗಣಪನಿಗೆ ಕಡುಬಿನ ಹರಕೆ ಹೊತ್ತಳು. ಕೇರಿಯವರೆಲ್ಲ ಚೆಂಡುಹೂವಿನ ಮಾಲೆ ಹಿಡಿದು ಬಸ್ಸನ್ನು ಎದುರುಗೊಂಡರು. ಅಣ್ಣನನ್ನು ಇಬ್ಬರು ಎತ್ತಿ ಇಳಿಸಿದರು. ಮಾಲೆಯನ್ನು ಯಾರೂ ಹಾಕಲಿಲ್ಲ.

ಅವನ ಜೇಬಿನ ಕಾಗದದಲ್ಲಿ "ಅನಾರೋಗ್ಯದ ಕಾರಣ ಬಿಡುಗಡೆ" ಎಂದಿತ್ತು. ಆಗ ಅರ್ಥವಾಯಿತು: ಅವರು ಬಿಟ್ಟದ್ದು ಅಣ್ಣನನ್ನಲ್ಲ, ಅವನ ಕಾಯಿಲೆಯನ್ನು. ಬಾಗಿಲು ದಾಟಿದ ಮೇಲೆ ಅವನು ಸರ್ಕಾರದವನಲ್ಲ, ಅವನ ಖರ್ಚಿಗೆ ಮಂಜೂರಾತಿಯೂ ಬೇಕಿಲ್ಲ. ದಯೆಯ ಹೆಸರಿನಲ್ಲಿ ಹೊಣೆ ಕಳಚಿಕೊಳ್ಳುವುದು ಇಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ. ಇಂದಿಗೂ, ಕೈದಿಯೊಬ್ಬನನ್ನು ಅವಧಿಗೆ ಮುನ್ನ ಬಿಟ್ಟರೆಂದು ಪತ್ರಿಕೆಯಲ್ಲಿ ಓದಿದರೆ ಅವನಿಗೇನು ಕಾಯಿಲೆಯೆಂದು ಮೊದಲು ಹುಡುಕುತ್ತೇನೆ.

ಅಮ್ಮ ಅದೇ ಸೀಸೆಯನ್ನು ಮತ್ತೆ ನನ್ನ ಕೈಗೆ ತುರುಕಿ, "ಓಡೋ, ಓಡು" ಎಂದಳು. ಓಡಿದೆ. ಕಾಂಪೌಂಡರು ಎಂಟು ಕಚ್ಚಿನ ಪಟ್ಟಿ ಅಂಟಿಸಿಕೊಟ್ಟರು.

ಅಣ್ಣ ಕುಡಿದದ್ದು ಮೂರು ಕಚ್ಚು. ಉಳಿದದ್ದು ಆರಿ, ಈಗ ತಳದಲ್ಲೊಂದು ಕಂದು ಕಲೆಯಾಗಿದೆ. ಬದುಕಿರುವತನಕ ಅಮ್ಮ ಆ ಸೀಸೆಯನ್ನು ಯಾರಿಗೂ ತೊಳೆಯಗೊಡಲಿಲ್ಲ. ಈಗ ನನಗೂ ಕೈ ಬಾರದು.