ಬಗ್ಗಿದರೆ ಎದೆಯುರಿ

ಬೆಳಕು ಹರಿಯುವ ಹೊತ್ತು. ಡಿಪೋದಲ್ಲಿ ನಿಂತ ಬಸ್ಸಿನ ಹಿಂದಿನ ಸೀಟಿನಡಿ ಒಂದು ಜೊತೆ ರಬ್ಬರ್ ಚಪ್ಪಲಿ ಮಾತ್ರ ಕಾಣುತ್ತಿದೆ. ಕಿಟಕಿ ಗಾಜು ಆಗಲೇ ಒರೆಸಿಯಾಗಿದೆ. ಚಪ್ಪಲಿಯ ಒಡತಿ ಮಂಡಿಯೂರಿ, ನೆಲಕ್ಕಂಟಿದ ಚ್ಯೂಯಿಂಗ್ ಗಮ್ ಕೆರೆಯುತ್ತಿದ್ದಾರೆ. ಡಿಪೋಗೆಲ್ಲ ಅವರು ದೊಡ್ಡಕ್ಕ. ರಾತ್ರಿ ಪಾಳಿ, ಹತ್ತು ಬಸ್ಸು.

"ಹೊರಗೆ ನೀರು ಹೊಡೆಯೋದು ಯಾರಾದ್ರೂ ಮಾಡ್ತಾರೆ. ಒಳಗಿನ ನೆಲ ಇದ್ಯಲ್ಲ, ಅದಕ್ಕೆ ಮಂಡಿ ಬೇಕು," ಎನ್ನುತ್ತಾರೆ.

ಸಕ್ಕರೆ ಕಾಯಿಲೆ ಹಳೆಯದು. ಮಾತ್ರೆಗೆ ಬಗ್ಗದಿದ್ದಾಗ ಡಾಕ್ಟರಮ್ಮ ವಾರಕ್ಕೊಂದು ಇಂಜೆಕ್ಷನ್ ಬರೆದರು. ಸಕ್ಕರೆ ಇಳಿಯಿತು, ಎದೆಯುರಿ ಹತ್ತಿಕೊಂಡಿತು. ಸೀಟಿನ ಕೆಳಗೆ ಬಗ್ಗಿದರೆ ಹುಳಿನೀರು ಗಂಟಲಿಗೇ. ಅದಕ್ಕೂ ಮಾತ್ರೆ ಬಂತು. ದೊಡ್ಡಕ್ಕನ ಪೇಚಾಟ ಶುರುವಾದದ್ದೇ ಅಲ್ಲಿಂದ.

ಡಿಪೋದಲ್ಲಿ ಒಂದು ಕಟ್ಟಪ್ಪಣೆಯಿದೆ: ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಆ್ಯಸಿಡ್ ಸುರಿಯಕೂಡದು. ಹೊಸಬಳೊಬ್ಬಳು ಸುರಿದು, ಇಡೀ ಶೆಡ್ಡು ಕೆಮ್ಮುತ್ತಾ ಹೊರಗೋಡಿದ್ದನ್ನು ದೊಡ್ಡಕ್ಕ ಕಂಡವರು. ಅದೇ ಲೆಕ್ಕವನ್ನು ತಮ್ಮ ಹೊಟ್ಟೆಗೂ ಹಾಕಿದರು. ಸೂಜಿ ಚುಚ್ಚುವುದು ಹೊಟ್ಟೆಗೆ, ಮಾತ್ರೆ ಇಳಿಯುವುದೂ ಹೊಟ್ಟೆಗೆ. ಒಳಗೆ ಎರಡೂ ಬೆರೆತರೆ? ಚುಚ್ಚುವ ಜಾಗವನ್ನು ತೊಡೆಗೆ ಬದಲಿಸಿದರು. ಅದೂ ಸಾಲದೆಂದು ಎದೆಯುರಿಯ ಮಾತ್ರೆಯನ್ನೇ ಬಿಟ್ಟರು. ಉರಿಗೆ ಹೆದರಿ ಊಟವನ್ನೂ ಅರ್ಧ ಮಾಡಿದರು.

ಕಳೆದ ತಿಂಗಳು ಬಸ್ಸಿನೊಳಗೇ ತಲೆ ಸುತ್ತಿ ಕುಸಿದರು. ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸುವ ಮಾತನ್ನು ಸೂಪರ್‌ವೈಸರ್ ಎತ್ತಿದರು. ನೆಲದ ಕೆಲಸ ಕೈತಪ್ಪುವುದರಲ್ಲಿತ್ತು. ಸೊಸೆ ಆಸ್ಪತ್ರೆಗೆ ಎಳೆದೊಯ್ದಳು.

"ಹೇಳಿ ಅತ್ತೆ, ನಿಮ್ಮ ಬಕೆಟ್ ವಿಷ್ಯ ಹೇಳಿ."

"ಸುಮ್ನಿರೇ, ಮಾನ ಕಳೀಬೇಡ."

ಕಡೆಗೆ ಸೊಸೆಯೇ ಎಲ್ಲ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. "ಅಮ್ಮಾ, ಎಲ್ಲಿ ಚುಚ್ಚಿದ್ರೂ ಅದು ಚರ್ಮದಡಿಯಿಂದ ರಕ್ತಕ್ಕೆ ಹೋಗುತ್ತೆ. ನಾನು ಕೊಟ್ಟಿರೋ ಇವೆರಡೂ ಜಗಳ ಆಡಲ್ಲ. ಇಂಜೆಕ್ಷನ್ನಿಂದ ಊಟ ಹೊಟ್ಟೇಲಿ ಹೆಚ್ಚು ಹೊತ್ತು ನಿಲ್ಲುತ್ತೆ, ಉರಿ ಅದಕ್ಕೇ. ತಲೆ ಸುತ್ತಿದ್ದು ಊಟ ಅರ್ಧ ಮಾಡಿದ್ದಕ್ಕೆ. ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನಿ, ತಿಂದ ತಕ್ಷಣ ಬಗ್ಗಬೇಡಿ. ವಾಂತಿ ನಿಲ್ದೇ ಇದ್ರೆ, ಹೊಟ್ಟೆನೋವು ಜೋರಾದ್ರೆ ಓಡಿ ಬನ್ನಿ. ನಿಮ್ಮಷ್ಟಕ್ಕೆ ನೀವೇ ಯಾವ ಔಷಧೀನೂ ನಿಲ್ಲಿಸ್ಬೇಡಿ."

ಹೊರಗೆ ಬಂದ ಮೇಲೆ ಸೊಸೆ ಬಿಡಬೇಕಲ್ಲ. "ತೊಡೆಗೆ ಚುಚ್ಚಿ ಹೊಟ್ಟೆಗೇ ಟೋಪಿ ಹಾಕೋಕೆ ಹೋಗಿದ್ರಲ್ಲ, ಅತ್ತೆ!"

"ನಿಂಗೊಂದು ನೆಪ ಸಿಕ್ರೆ ಸಾಕು, ವಾರವೆಲ್ಲ ನಗ್ತೀಯ."

ಈಗ ಎದ್ದ ಕೂಡಲೇ ಎದೆಯುರಿಯ ಮಾತ್ರೆ, ಆಮೇಲೆ ಚೂರು ತಿಂಡಿ. ಕೆಲಸದ ಸರದಿಯನ್ನೂ ದೊಡ್ಡಕ್ಕ ಸೂಪರ್‌ವೈಸರ್ ಜೊತೆ ವಾದಿಸಿ ಬದಲಿಸಿಕೊಂಡಿದ್ದಾರೆ: ಮೊದಲು ಎಲ್ಲ ಬಸ್ಸುಗಳ ಗಾಜು, ಕಂಬಿ; ನೆಲ ಕೊನೆಗೆ. ಉರಿ ಪೂರ್ತಿ ಹೋಗಿಲ್ಲ, ಹತೋಟಿಗೆ ಬಂದಿದೆ.

ಗೇಟಿನ ಕುರ್ಚಿ ಆರಾಮಲ್ಲವೇ ಎಂದರೆ ಹುಬ್ಬು ಗಂಟಿಕ್ಕುತ್ತಾರೆ. "ಅಲ್ಲಿ ಕೂತು ಏನ್ಮಾಡ್ಲಿ, ಬರೋ ಬಸ್ಸಿಗೆಲ್ಲ ಟಾಟಾ ಮಾಡ್ಲಾ? ಇನ್ನೊಂದಷ್ಟು ವರ್ಷ ಹೀಗೇ ಬಗ್ಗೋಕಾದ್ರೆ ಸಾಕು. ಜನ ಬಸ್ ಹತ್ತಿ, ಕೆಳಗೆ ನೋಡ್ದೇನೇ ಬ್ಯಾಗನ್ನ ನೆಲಕ್ಕಿಡ್ತಾರಲ್ಲ... ನಾನು ತೊಳೆದ ಬಸ್ಸಲ್ಲಿ ಹಾಗೆ ಇಡ್ಬಹುದು."