ಅಕ್ಕನ ಕುಜ

ರಜೆಗೆಂದು ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗಲೇ ವಾಗ್ದೇವಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಅವಳು ಓದುತ್ತಿರುವುದು ಖಗೋಳ ಭೌತಶಾಸ್ತ್ರದ ಎಂ.ಎಸ್ಸಿ.; ಊರಿನವರ ಪಾಲಿಗೆ ಅದು ಜಾತಕ ನೋಡುವ ಕಾಲೇಜು. ಝೆರಾಕ್ಸ್ ಅಂಗಡಿಯ ಗಜಾನನಣ್ಣ, "ನನ್ನ ಶನಿ ಯಾವಾಗ ಬಿಡ್ತದೆ, ಸ್ವಲ್ಪ ನೋಡಿ ಹೇಳು ಮಾರಾಯ್ತಿ" ಎಂದು ಅಂಗೈ ಚಾಚುತ್ತಾರೆ. "ಶನಿ ನಿಮ್ಮನ್ನು ಹಿಡಿಯಲೇ ಇಲ್ಲ, ನೀವೇ ಅದನ್ನು ಹಿಡ್ಕೊಂಡದ್ದು!" ಎಂದು ಅವಳು ಹರಿಹಾಯುತ್ತಾಳೆ. ಮದುವೆಯೂಟದ ಪಂಕ್ತಿಯಲ್ಲಿ ಯಾರಾದರೂ ರಾಹುಕಾಲ ಎಂದರೆ ಮುಗಿಯಿತು, ರಾಹು ಎಂಬ ಗ್ರಹವೇ ಇಲ್ಲವೆಂದು ಎಲೆಯ ಮೇಲಿನ ಪಾಯಸ ಆರುವವರೆಗೂ ಪಾಠ ಮಾಡುತ್ತಾಳೆ. ಗ್ರಹಣಕ್ಕೆಂದು ಅಮ್ಮ ಒಲೆ ಆರಿಸಿದರೆ, ಹಟಕ್ಕೆ ಬಿದ್ದು ಅಂಗಳದ ನಡುವೆ ಕುಳಿತು ಅವಲಕ್ಕಿ ತಿನ್ನುತ್ತಾಳೆ. ಊರಿಗೆ ಇದೆಲ್ಲ ತಮಾಷೆ. ಆದರೆ ಕುಜದೋಷವೆಂದು ಬಂದ ಸಂಬಂಧಗಳೆಲ್ಲ ತಪ್ಪಿಹೋದ ಅಕ್ಕ ರಮ್ಯಶ್ರೀಯ ಎದುರು ಮಾತ್ರ ಅವಳ ದನಿ ಏರುವುದಿಲ್ಲ. ಕಳೆದ ರಜೆಯಲ್ಲಿ ಕಾಲೇಜಿನಿಂದ ಟೆಲಿಸ್ಕೋಪು ತಂದು, ಮುಸ್ಸಂಜೆ ತಾರಸಿಯ ಮೇಲೆ ನಿಲ್ಲಿಸಿ, "ನೋಡಕ್ಕ, ನಿನ್ನ ಕುಜ" ಎಂದಳು. ಅಕ್ಕ ತುಂಬ ಹೊತ್ತು ಕಣ್ಣಿಟ್ಟು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಇಷ್ಟು ಸಣ್ಣದಾ? ಇದಕ್ಕೆ ನನ್ನ ಗುರ್ತವಾದರೂ ಉಂಟಾ?"