ಹೀರೆ ಬೀಜಕ್ಕೆ ಅತ್ತೆಯ ಮುಹೂರ್ತ

ಸಯನ್ ಬಡಾವಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆ ಕಿಟಕಿಗೆ ಹೊರಚಾಚಿದ ಒಂದು ಗ್ರಿಲ್ ಇದೆ. ಕುಂಡಗಳನ್ನಿಟ್ಟ ಆ ಜಾಗವೇ ನಮ್ಮ ಹೊಲ. ಅಲ್ಲಿ ಹೀರೆ, ಬೆಂಡೆ ಬೀಜಗಳನ್ನು ಯಾವಾಗ ಊರಬೇಕೆಂದು ಪ್ರತಿವರ್ಷ ನನಗೂ ಅತ್ತೆಗೂ ಜಗಳ. ನಾನು ಮೈಸೂರಿನವಳು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸಂಕ್ರಾಂತಿ ಮುಗಿದರೆ ಸಾಕು, ಮಣ್ಣು ಕೆದಕಲು ಕೂತುಬಿಡುತ್ತೇನೆ. ವಿಜಯಪುರದ ಅತ್ತೆಗೆ ಕ್ಯಾಲೆಂಡರ್ ಲೆಕ್ಕಕ್ಕಿಲ್ಲ. ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಬಾಟಲಿಯೇ ಅವರ ಪಂಚಾಂಗ. ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿದ್ದರೆ, “ಇನ್ನೂ ಥಂಡಿ ಐತಿ. ಈಗ ಹಾಕಿದ್ರ ಬೀಜ ಮಣ್ಣಾಗ ಕೊಳೀತಾವ” ಎನ್ನುತ್ತಾರೆ. ಅವರ ಲೆಕ್ಕ ತಪ್ಪಿದ್ದೂ ಇಲ್ಲ, ಅದೇ ನನಗೆ ಉರಿ.

ಯುಗಾದಿ ಮುಗಿದ ಮೇಲೆ ಅತ್ತೆ ಪುಣೆಯ ಮೈದುನನ ಮನೆಗೆ ಹೋಗಿ ಗಣೇಶನ ಹಬ್ಬಕ್ಕೆ ಮರಳುವುದು ರೂಢಿ. ಇಬ್ಬರು ಮಕ್ಕಳಿಗೂ ಸಮ ಎಂದು ಅವರೇ ಮಾಡಿಕೊಂಡ ಏರ್ಪಾಡು. ಅಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವವರು, ಹಗಲಿಡೀ ಇವರೊಬ್ಬರೇ. ಇಲ್ಲಿ ನಾನು ಮನೆಯಿಂದಲೇ ಕೆಲಸ ಮಾಡುವವಳು, ಜಗಳಕ್ಕಾದರೂ ಸಿಗುತ್ತೇನೆ. ತಾವೇ ಊರಿದ ಬಳ್ಳಿಯ ಹೀರೆಕಾಯಿಯನ್ನು ಅವರು ಒಮ್ಮೆಯೂ ತಿಂದಿಲ್ಲ. ನಾನು ಫೋಟೋ ಕಳಿಸುತ್ತೇನೆ, ಅವರು “ಚಲೋ ಬಂದಾವ” ಎನ್ನುತ್ತಾರೆ.

ಈ ವರ್ಷ ಹೋಳಿ ಕಳೆದರೂ ಅತ್ತೆ ಬೀಜ ಮುಟ್ಟಗೊಡಲಿಲ್ಲ. ಫ್ಯಾನಿನ ಕೆಳಗೂ ಬೆವರು ಇಳಿಯುತ್ತಿತ್ತು. ಎಣ್ಣೆ ಮಾತ್ರ ದಿನಾ ಬೆಳಿಗ್ಗೆ ಕಲ್ಲಿನಂತೆ ಗಟ್ಟಿ. ಒಂದು ದಿನ ಬಾಟಲಿ ಕೈಗೆತ್ತಿಕೊಂಡೆ. ಮೈತುಂಬ ನೀರಹನಿ, ಕೈ ಕೊರೆಯುವಷ್ಟು ತಣ್ಣಗೆ. ರಾತ್ರಿ ಫ್ರಿಜ್ಜಿನಲ್ಲಿಟ್ಟು, ನಾನು ಏಳುವ ಮೊದಲೇ ಅತ್ತೆ ಅದನ್ನು ಬಚ್ಚಲಿಗೆ ತಂದಿಡುತ್ತಿದ್ದರು! ಮೊದಲು ನಗು ಬಂತು, ಹಿಂದೆಯೇ ಸಂಕಟವಾಯಿತು. ಬೀಜ ಊರಿದರೆ ಇಲ್ಲಿನ ಕೆಲಸ ಮುಗಿದಂತೆ, ಇನ್ನು ಪುಣೆಗೆ ಹೊರಡಬೇಕು. ಹೋಗಲು ಮನಸ್ಸಿಲ್ಲ ಎಂದರೆ ಕಿರಿಯ ಮಗನಿಗೆ ನೋವಾದೀತೆಂದು ಬಾಯಿ ಬಿಟ್ಟು ಹೇಳಿರಲಿಲ್ಲ. ಅವರನ್ನು ಕಳಿಸಲು ನನಗಾದರೂ ಮನಸ್ಸೆಲ್ಲಿತ್ತು?

ತಿಂಡಿಯಾದ ಮೇಲೆ ಅತ್ತೆಯ ಎದುರಿಗೇ ಕೂತು ಮೈದುನನಿಗೆ ಫೋನ್ ಮಾಡಿದೆ. ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು.

“ಈ ಸಲ ಅತ್ತೆಯನ್ನ ಕಳಿಸಲ್ಲ ಕಣಪ್ಪ. ಹೀರೆಕಾಯಿ ಬಿಡೋವರೆಗೂ ಇಲ್ಲೇ ಇರ್ತಾರೆ. ನನಗೆ ಅವರು ಬೇಕು” ಎಂದೆ.

“ಆಗಲಿ ವೈನಿ. ಅವ್ವನ್ನ ನೋಡಾಕ ನಾವ ಅಲ್ಲಿಗೆ ಬರ್ತೀವಿ” ಎಂದ ಮೈದುನ.

ಅತ್ತೆ ತಲೆ ಎತ್ತಲಿಲ್ಲ, ಸೊಪ್ಪು ಬಿಡಿಸುವ ಕೈ ಮಾತ್ರ ನಿಂತಿತ್ತು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡು ಬೀಜದ ಡಬ್ಬಿ ತಂದರು.

“ನನ್ನ ಮಾರಿ ಏನ್ ನೋಡ್ತಿ? ಆಗಲೇ ತಡಾ ಆಗೇತಿ, ಲಗೂನ ಮಣ್ಣ ಸಡ್ಲ ಮಾಡು!” ಎಂದು ನನ್ನನ್ನೇ ಗದರಿದರು.